ಅಪ್ಪ ಸಾಕಿದ ಮಣಕ

ನನ್ನ ಜೊತೆ ಪೇಟೆಗೆ ಹೋಗುವುದು ಆಗದ ಮಾತು ಅಂತ ನನ್ನ ಗಂಡ ಕೈ ಮುಗಿದು ಬಿಟ್ಟಿದ್ದಾರೆ. ನಮ್ಮ ಮನೆ ವಿಜಯಪುರದಲ್ಲಿ, ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ. ಬಾಗಿಲು ದಾಟಿ ನಾಲ್ಕು ಹೆಜ್ಜೆ ಇಟ್ಟರೆ ಹೂವಿನ ಅಂಗಡಿಗಳ ಮುಂದೆ ಬಾಡಿದ ಮಾಲೆ ತಿನ್ನುತ್ತ ಆಕಳು ನಿಂತಿರುತ್ತವೆ. ಉಳಿದವರು ಅವುಗಳ ಹಣೆ ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗುತ್ತಾರೆ. ನಾನು ಮಾತ್ರ ಹಿಂದಕ್ಕೆ ಹೋಗಿ ನಿಲ್ಲುತ್ತೇನೆ. ಹಿಂಗಾಲುಗಳ ನಡುವೆ ಎಷ್ಟು ಜಾಗ ಇದೆ, ಕೆಚ್ಚಲು ಎಲ್ಲಿಂದ ತೂಗಿದೆ, ಗೊರಸು ನೆಲಕ್ಕೆ ಹೇಗೆ ಕೂತಿದೆ, ಇವನ್ನೆಲ್ಲ ನೋಡದೆ ಕಾಲು ಮುಂದೆ ಹೋಗುವುದಿಲ್ಲ. ಒಂದು ಕೈಯಲ್ಲಿ ಕೊತ್ತಂಬರಿ ಕಟ್ಟು ಹಿಡಿದು ಆಕಳ ಬಾಲದ ಬುಡವನ್ನೇ ದಿಟ್ಟಿಸುತ್ತ ನಿಂತ ಹೆಂಡತಿಯ ಪಕ್ಕದಲ್ಲಿ ನಿಲ್ಲುವುದಕ್ಕೆ ಯಾವ ಗಂಡನಿಗೂ ಧೈರ್ಯ ಬೇಕು, ಒಪ್ಪುತ್ತೇನೆ.

ಇದು ನನ್ನ ಕೆಲಸ. ಟಿಕೋಟಾ, ಬಬಲೇಶ್ವರದ ಕಡೆ ಊರೂರು ತಿರುಗಿ ಹೈನಿನ ಆಕಳುಗಳ ಮೈಕಟ್ಟು ಅಳೆದು ಹೇಳುವುದು. ಯಾವ ಆಕಳ ತಳಿ ಮುಂದುವರಿಸಬೇಕು, ಯಾವುದಕ್ಕೆ ಎಂಥ ಹೋರಿಯ ವೀರ್ಯ ಹೊಂದುತ್ತದೆ ಎಂಬುದನ್ನು ಹಾಲಿನ ಲೆಕ್ಕದ ಜೊತೆಗೆ ಮೈಯನ್ನೂ ನೋಡಿ ತೀರ್ಮಾನಿಸುತ್ತಾರೆ. ಒಂದೊಂದು ಅಂಗಕ್ಕೆ ಒಂದರಿಂದ ಒಂಬತ್ತರವರೆಗೆ ಅಂಕ. ಇದು ಸಾಲಿಯ ಪರೀಕ್ಷೆಯ ಅಂಕ ಅಲ್ಲ ಎಂದು ತಿಳಿಸಿ ಹೇಳುವುದರಲ್ಲೇ ನನ್ನ ಗಂಟಲು ಅರ್ಧ ಹರಿದಿದೆ. ಒಂಬತ್ತು ಅಂದರೆ ಬಹಳ ಒಳ್ಳೆಯದು ಎಂದಲ್ಲ, ಬಹಳ ಹೆಚ್ಚು ಎಂದು. ಹಿಂಗಾಲು ಬಹಳ ಬಾಗಿದ್ದರೂ ಕೆಟ್ಟದ್ದು, ಕಂಬದ ಹಾಗೆ ನೆಟ್ಟಗಿದ್ದರೂ ಕೆಟ್ಟದ್ದು. ಎಲ್ಲ ಕೇಳಿ, ತಲೆ ಅಲ್ಲಾಡಿಸಿ, ಚಹಾ ಕೊಟ್ಟು, ಹೊರಡುವಾಗ ಮನೆಯ ಯಜಮಾನ ಮೆಲ್ಲಗೆ ಪಕ್ಕಕ್ಕೆ ಕರೆದು ನಮ್ಮದಕ್ಕೆ ಎಲ್ಲ ಒಂಬತ್ತೇ ಹಾಕಿಬಿಡ್ರಿ ಬಾಯಾರ ಎನ್ನುತ್ತಾನೆ. ಅಂಥವರ ಮೇಲೆ ಸಿಟ್ಟು ಬರುತ್ತದೆ, ಆದರೆ ಆ ಚಹಾ ಕುಡಿದು ಮುಗಿಸಿರುವುದರಿಂದ ಸುಮ್ಮನಿರುತ್ತೇನೆ.

ದನ ನೋಡುವ ಈ ಹುಚ್ಚು ನನಗೆ ತರಬೇತಿಯಿಂದ ಬಂದದ್ದಲ್ಲ. ಅದು ಅಪ್ಪನಿಂದ ಬಂದದ್ದು.

ನನ್ನ ತವರುಮನೆ ಘೋಣಸಗಿ. ಅಪ್ಪ ಎತ್ತು ಆರಿಸುವುದರಲ್ಲಿ ಹೆಸರಾದವನು. ಕಳ್ಳಕವಟಗಿಯಿಂದ, ಟಿಕೋಟಾದಿಂದ, ಅದರಾಚೆಯ ಊರುಗಳಿಂದ ಎತ್ತು ಕೊಳ್ಳುವವರು ಮೊದಲು ನಮ್ಮ ಮನೆಗೆ ಬಂದು ಅಪ್ಪನನ್ನು ಗಾಡಿಯಲ್ಲಿ ಕೂಡಿಸಿಕೊಂಡು ಹೋಗುತ್ತಿದ್ದರು. ಖಿಲಾರಿ ಜೋಡಿಯ ಮುಂದೆ ಅವನು ನಿಲ್ಲುವ ರೀತಿಯೇ ಬೇರೆ. ಮೊದಲು ಮುಂದಿನಿಂದ ನೋಡುತ್ತಿದ್ದ. ಕೋಡು, ಹಣೆ, ಕಣ್ಣು. ಆಮೇಲೆ ನಡೆಸಿ ನೋಡುತ್ತಿದ್ದ. ಆಮೇಲೆ ಹೆಗಲ ಮೇಲಿನ ಹಿಣಿಲಿನಿಂದ ಬಾಲದವರೆಗೆ ಒಮ್ಮೆ ಅಂಗೈ ಎಳೆದರೆ ಆಯಿತು. ಚರ್ಮ ಮೈಗೆ ಹತ್ತಿರಬೇಕು. ಎದೆ ಇಕ್ಕಟ್ಟಾಗಿದ್ದರೂ ನಡೆದೀತು, ಆದರೆ ಹೊಟ್ಟೆ ಮಾತ್ರ ಮೇಲಕ್ಕೆ ಎತ್ತಿ ಕಟ್ಟಿದ ಹಾಗಿರಬೇಕು. ಹೊಟ್ಟೆ ಜೋತ ದನ ಅಂದರೆ ಅಪ್ಪನಿಗೆ ಮೈಗಳ್ಳ ಅಂತಲೇ ಅರ್ಥ. ಜೋತ ಹೊಟ್ಟೆಯ ಎತ್ತಿನ ಮನೆಗೆ ಹೆಣ್ಣು ಕೊಡಬಾರದು ಎಂದು ನಗಿಸುತ್ತಿದ್ದ. ನನಗೆ ಗಂಡು ನೋಡಲು ಹೋದಾಗ ಆ ಮನೆಯ ದನವನ್ನು ನೋಡಿ ಬಂದನೋ ಗಂಡನ್ನು ನೋಡಿ ಬಂದನೋ ಎಂದು ಅವ್ವ ಕಡೆಯವರೆಗೂ ಕೇಳುತ್ತಿದ್ದಳು.

ಆಮೇಲೆ ಟ್ರ್ಯಾಕ್ಟರ್ ಬಂತು, ಹೊಲದಲ್ಲಿ ದ್ರಾಕ್ಷಿ ಪಡ ಬಂತು, ಎತ್ತು ಹೋದವು. ಅಣ್ಣ ಪಡದ ಪಕ್ಕದಲ್ಲಿ ಶೆಡ್ ಹಾಕಿ ಹೆಚ್ಚು ಹಾಲಿನ ಎಚ್ಚೆಫ್ ಆಕಳು ಕಟ್ಟಿದ. ಅಪ್ಪ ಬಹಳ ದಿನ ಆ ಕಡೆ ಹೋಗಲಿಲ್ಲ. ಹಿಣಿಲಿಲ್ಲ, ಕೋಡು ಸುಟ್ಟಿದ್ದಾರೆ, ನಡೆಸಿದರೆ ನಾಲ್ಕು ಮಾರು ನಡೆದು ನಿಲ್ಲುತ್ತವೆ, ಇವೂ ದನವೇ ಎಂದು ಅವನ ವಾದ. ಕೈಗೆ ಕೆಲಸವಿಲ್ಲದೆ ಅಂಗಳದಲ್ಲಿ ಆ ಗೋಡೆಯಿಂದ ಈ ಗೋಡೆಗೆ ಓಡಾಡುತ್ತಿದ್ದ. ಮಾವನ ಓಡಾಟ ನೋಡಿ ನೋಡಿ ನಮ್ಮ ತಲೆ ತಿರುಗುತ್ತಿದೆ ಎಂದು ಅಣ್ಣನ ಹೆಂಡತಿ, ನನ್ನ ವೈನಿ, ನನಗೆ ಫೋನ್ ಮಾಡಿ ಹೇಳುತ್ತಿದ್ದಳು. ನಾನು ಅದನ್ನು ಕೇಳುತ್ತ ಇಲ್ಲಿ ನಮ್ಮ ಪಡಸಾಲೆಯಲ್ಲಿ ಓಡಾಡುತ್ತಿದ್ದೆ.

ಒಂದು ದೀಪಾವಳಿಯ ಹೊತ್ತಿಗೆ ಶೆಡ್ಡಿನಲ್ಲಿ ಎರಡು ಹೆಣ್ಣು ಕರು ಹುಟ್ಟಿದವು. ಒಂದು ಕಪ್ಪು, ಹಣೆಯ ಮೇಲೆ ಬಿಳಿ ಚುಕ್ಕೆ. ಅದರಲ್ಲಿ ಅಪ್ಪನಿಗೆ ಏನು ಕಂಡಿತೋ ಗೊತ್ತಿಲ್ಲ, ಇದನ್ನು ನಾನು ಸಾಕುತ್ತೇನೆ ಎಂದ. ಮನೆಯವರಿಗೆಲ್ಲ ಸಮಾಧಾನ. ಮುದುಕನಿಗೆ ಕೆಲಸ ಸಿಕ್ಕಿತಲ್ಲ ಎಂದು ನನಗೂ ಸಮಾಧಾನ. ಇನ್ನೊಂದು ಕರು ವೈನಿಯ ಪಾಲಿಗೆ ಉಳಿಯಿತು. ಅವಳಿಗೆ ಮನೆಯ ಕೆಲಸ, ಪಡದ ಕೆಲಸ, ಹಾಲಿನ ಕೆಲಸ. ಅದರ ಮುಂದೆ ಒಂದು ಹೊರೆ ಮೇವು ಒಗೆದು ಅವಳು ತನ್ನ ದಾರಿ ಹಿಡಿಯುತ್ತಿದ್ದಳು.

ಹೀಗೆ ಎರಡೂ ಬೆಳೆದು ಮಣಕಗಳಾದವು. ಮಣಕ ಅಂದರೆ ಇನ್ನೂ ಈಯದ ಹರೆಯದ ಆಕಳು. ಅಣ್ಣ ಫೋನ್ ಮಾಡಿದ್ದು ಆಗ. ಶೆಡ್ಡಿನಲ್ಲಿ ಒಂದಕ್ಕೇ ಜಾಗವಿದೆ, ಒಂದನ್ನು ಇಟ್ಟುಕೊಂಡು ಒಂದನ್ನು ಮಾರಬೇಕು. ಇಟ್ಟುಕೊಂಡದ್ದಕ್ಕೆ ಹೆಣ್ಣುಕರುವೇ ಹುಟ್ಟುವ ಒಳ್ಳೆಯ ವೀರ್ಯ ಕೊಡಿಸಬೇಕು, ಮುಂದೆ ಮನೆಯ ಹೈನೆಲ್ಲ ಅದರ ಹೊಟ್ಟೆಯಿಂದಲೇ ನಡೆಯಬೇಕು. ನೀನೇ ಬಂದು ನೋಡಿ ಹೇಳು ಎಂದ. ಆಮೇಲೆ ದನಿ ತಗ್ಗಿಸಿ, ಅಪ್ಪ ಆಗಲೇ ಊರೆಲ್ಲ ಹೇಳಿ ಬಂದಿದ್ದಾನೆ, ಮಗಳು ಬರುತ್ತಾಳೆ, ಬಂದು ನನ್ನ ಮಣಕವನ್ನೇ ಆರಿಸುತ್ತಾಳೆ, ನೋಡಿಕೊಳ್ಳಿ ಎಂದು ಕಟ್ಟೆಯ ಮೇಲೆ ಎಲ್ಲರ ಮುಂದೆ ಹೇಳಿದ್ದಾನೆ ಎಂದ.

ಎತ್ತು ಹೋದ ಮೇಲೆ ಅಪ್ಪನನ್ನು ದನ ನೋಡಲು ಯಾರೂ ಕರೆದಿರಲಿಲ್ಲ. ಅವನ ಕಣ್ಣಿನ ಮೇಲೆ ಅವನಿಗೇ ಉಳಿದಿದ್ದ ನಂಬಿಕೆಯೆಲ್ಲ ಈ ಮಣಕದ ಮೇಲೆ ನಿಂತಿತ್ತು. ನಾನು ಬೇರೆಯದನ್ನು ಆರಿಸಿದರೆ ಊರು ಅವನಿಗೆ ಏನೂ ಅನ್ನುವುದಿಲ್ಲ, ನಗುತ್ತದೆ ಅಷ್ಟೇ. ಅವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಅಪ್ಪ ಅಣ್ಣನ ಕೈಯಿಂದ ಮಣಕದ ಫೋಟೋ ಕಳಿಸುತ್ತಲೇ ಇದ್ದ. ತೆಗೆದು ನೋಡಿದರೆ ಎಲ್ಲವೂ ಮುಂದಿನಿಂದ ತೆಗೆದವು. ಹಣೆಯ ಚುಕ್ಕೆ, ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಮೈ, ಎತ್ತಿದ ಕತ್ತು. ಹಿಂದಿನಿಂದ ಒಂದು ಫೋಟೋ ತೆಗೆದು ಕಳಿಸು ಎಂದು ಅಣ್ಣನಿಗೆ ಹೇಳಿದೆ. ಅಪ್ಪ ಬೇಡವೆಂದನಂತೆ. ಹಿಂದಿನಿಂದ ಫೋಟೋ ತೆಗೆಸುವುದು ಮರ್ಯಾದೆಯಲ್ಲ ಎಂದನಂತೆ. ನಾನು ಜೀವನದಲ್ಲಿ ದನ ನೋಡಿದ್ದೇ ಹಿಂದಿನಿಂದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆ ವಾರ ಬಬಲೇಶ್ವರದಲ್ಲಿ ಕೆಲಸವಿತ್ತು. ಸ್ಕೂಟಿಯ ಮೇಲೆ ಹೋಗುತ್ತ ದಾರಿಯುದ್ದಕ್ಕೂ ಅಪ್ಪನಿಗೆ ಹೇಳುವ ಮಾತು ಜೋಡಿಸುತ್ತಿದ್ದೆ, ಕೆಡಿಸುತ್ತಿದ್ದೆ. ಒಂದು ಮನೆಯಲ್ಲಿ ನಾಲ್ಕು ಸಲ ಈದ ಆಕಳನ್ನು ನೋಡಲು ನಿಂತೆ. ಮುಖ ನೋಡಿದರೆ ಏನೂ ಇಲ್ಲ, ಮೂತಿ ಉದ್ದ, ಒಂದು ಕಿವಿ ಹರಿದಿದೆ. ಪಕ್ಕಕ್ಕೆ ಬಂದರೆ ಮಾತ್ರ ನಿಂತು ನೋಡುವಂಥ ಮೈ. ಎದೆ ಅಗಲ, ಹೊಟ್ಟೆ ಆಳ, ಪಕ್ಕೆಲುಬುಗಳು ಒಂದರಿಂದೊಂದು ದೂರ ದೂರ, ಹಿಂದಕ್ಕೆ ವಾಲಿಕೊಂಡು. ಅವುಗಳ ನಡುವೆ ನನ್ನ ಬೆರಳು ಆರಾಮಾಗಿ ಕೂತವು. ಇಂಥ ಹೊಟ್ಟೆ ಮೇವು ಹಿಡಿಯುತ್ತದೆ, ಮೇವು ಹಿಡಿದದ್ದು ಹಾಲಾಗುತ್ತದೆ. ನಮ್ಮ ವಿದ್ಯೆಯಲ್ಲಿ ಇದಕ್ಕಿಂತ ದೊಡ್ಡ ಗುಟ್ಟಿಲ್ಲ. ನಾನು ಆ ಪಕ್ಕೆಯ ಮೇಲೆ ಕೈಯಿಟ್ಟು ಎಷ್ಟು ಹೊತ್ತು ನಿಂತಿದ್ದೆನೋ, ಮನೆಯ ಹೆಣ್ಣುಮಗಳು ಗಾಬರಿಯಾಗಿ ಏನಾದರೂ ಬ್ಯಾನಿ ಐತೇನ್ರಿ ಅದಕ್ಕ ಎಂದು ಕೇಳಿದಳು. ಅದಕ್ಕಿಲ್ಲ ಎಂದೆ.

ಭಾನುವಾರ ಘೋಣಸಗಿಗೆ ಹೋದೆ. ಸ್ಕೂಟಿ ನಿಲ್ಲಿಸುವ ಮೊದಲೇ ಕಂಡಿತು, ಮನೆಯ ಕಟ್ಟೆಯ ಮೇಲೆ ಅಪ್ಪನ ಓರಗೆಯವರೆಲ್ಲ ಬಂದು ಕೂತಿದ್ದಾರೆ. ಸಭೆ ನೆರೆದಿದೆ. ಅಪ್ಪ ಹೊಸ ವಲ್ಲಿ ಹೆಗಲಿಗೆ ಹಾಕಿದ್ದ. ನೀರು ಕುಡಿ ಎನ್ನಲಿಲ್ಲ, ಕೂಡು ಎನ್ನಲಿಲ್ಲ. ನಾಲಿಗೆಯಿಂದ ಒಮ್ಮೆ ಟಕ್ಕೆಂದು ಸದ್ದು ಮಾಡಿ ಕೊಟ್ಟಿಗೆಯ ಕಡೆಗೆ ಬೆನ್ನು ತಿರುಗಿಸಿ ನಡೆದ. ಅವನ ಹಿಂದೆ, ಹಗ್ಗವಿಲ್ಲ ಮೂಗುದಾರವಿಲ್ಲ, ಮಣಕ ಹೊರಗೆ ಬಂತು. ಅಪ್ಪ ನಿಂತಲ್ಲಿ ನಿಂತಿತು, ತಿರುಗಿದಲ್ಲಿ ತಿರುಗಿತು. ಕಟ್ಟೆಯ ಮೇಲಿನ ಒಬ್ಬ ಹಿರಿಯ, ಹೊಟ್ಟೆಯ ಮಕ್ಕಳು ಹೀಗೆ ಹಿಂದೆ ಬರುವುದಿಲ್ಲ ನೋಡು ಎಂದ. ದಿನವೂ ಬೆಳಿಗ್ಗೆ ಸಂಜೆ ಇಬ್ಬರೂ ಹಳ್ಳದವರೆಗೆ ಹೀಗೇ ಹೋಗಿ ಬರುತ್ತಾರೆ, ನೋಡಲು ಜನ ನಿಲ್ಲುತ್ತಾರೆ ಎಂದು ಅಣ್ಣ ನನ್ನ ಕಿವಿಯಲ್ಲಿ ಹೇಳಿದ.

ಚಂದವಿತ್ತು. ಸುಳ್ಳು ಯಾಕೆ ಹೇಳಲಿ, ಅಷ್ಟು ಚಂದದ ಮಣಕವನ್ನು ನಾನು ನೋಡಿಲ್ಲ. ಕೂದಲಿನಲ್ಲಿ ಮುಖ ಕಾಣಬೇಕು, ಹಾಗೆ ತಿಕ್ಕಿದ್ದ. ನಡಿಗೆಯಲ್ಲಿ ಠೀವಿ. ಖಿಲಾರಿ ಹೋರಿಯ ಠೀವಿ.

ನಾನು ಹಿಂದಕ್ಕೆ ಹೋದೆ. ಹಿಂದಕ್ಕೆ ಹೋಗಿ ನಿಂತ ಕೂಡಲೇ ಕಂಡಿತು, ಆದರೂ ಸುತ್ತು ಹಾಕಿದೆ. ಎದೆಯ ಮುಂದೆ ಕೂತು ನೋಡಿದೆ, ಎದ್ದೆ. ಮುಂಗಾಲುಗಳ ನಡುವೆ ಜಾಗವೇ ಇಲ್ಲ. ಹೊಟ್ಟೆ ಮೇಲಕ್ಕೆ ಕಟ್ಟಿಕೊಂಡು ಇದ್ದೂ ಇಲ್ಲದಂತಾಗಿದೆ. ಪಕ್ಕೆಲುಬಿನ ನಡುವೆ ಬೆರಳು ಇಟ್ಟೆ, ಬೆರಳು ಕೂಡಲಿಲ್ಲ. ಏನು ಹಾಕಿ ಬೆಳೆಸಿದಿ ಎಂದು ಕೇಳಿದೆ. ಅಪ್ಪ ಹೆಮ್ಮೆಯಿಂದ ಹೇಳಿದ: ನೆನೆಸಿದ ಹುರಳಿ, ಹತ್ತಿಕಾಳ ಹಿಂಡಿ, ಚಳಿಗಾಲದಲ್ಲಿ ಬೆಲ್ಲ. ಮೇವು? ಜೋಳದ ಕಣಿಕಿ ಒಂದು ಹಿಡಿ, ಬಾಯಾಡಿಸಲಿಕ್ಕೆ. ಹೆಚ್ಚು ಹಾಕಿದರೆ ಹೊಟ್ಟೆ ಬೀಳುತ್ತದಲ್ಲ ಎಂದ. ಎತ್ತು ಸಾಕುವವರೆಲ್ಲ ಹೀಗೇ ಸಾಕುತ್ತಾರೆ. ಓಡುವ ಎತ್ತಿಗೆ ಕಾಳು ಜಾಸ್ತಿ, ಮೇವು ಕಡಿಮೆ. ಅಪ್ಪ ತನಗೆ ಗೊತ್ತಿದ್ದ ಎಲ್ಲವನ್ನೂ ಒಂದೂ ಬಿಡದೆ ಇದಕ್ಕೆ ಮಾಡಿದ್ದ.

ಇನ್ನೊಂದನ್ನು ವೈನಿ ಹಗ್ಗ ಜಗ್ಗಿಕೊಂಡು ಹೊರಗೆ ತಂದಳು. ಅದು ಬರಲೊಲ್ಲದು, ತೊಡೆಯವರೆಗೆ ಸಗಣಿ, ಬಾಯಿಯಲ್ಲಿ ಇನ್ನೂ ಕಣಿಕಿ. ಹೊಟ್ಟೆ ಎರಡೂ ಕಡೆ ಹೊರಗೆ ಬಂದಿತ್ತು. ಕಟ್ಟೆಯ ಮೇಲಿನವರು ನಕ್ಕರು. ಅಪ್ಪನೂ ನಕ್ಕ. ನಾನು ಅದರ ಪಕ್ಕೆಗೆ ಕೈಯಿಟ್ಟೆ, ಬೆನ್ನ ಮೂಳೆ ನೋಡಿದೆ, ಹಿಂದಿನ ಎರಡು ಮೂಳೆಗಳ ನಡುವೆ ಗೇಣು ಹಾಕಿದೆ. ಇನ್ನು ನೋಡುವುದು ಏನೂ ಇರಲಿಲ್ಲ. ಆದರೂ ಮತ್ತೊಂದು ಸುತ್ತು ಹಾಕಿದೆ. ನೀರು ಕೇಳಿ ಕುಡಿದೆ. ಸೆರಗಿನಿಂದ ಬಾಯಿ ಒರೆಸಿಕೊಂಡೆ. ಏನಾದರೂ ನೆಪ ಮಾಡಿ ಎಲ್ಲರನ್ನೂ ಮನೆಗೆ ಕಳಿಸೋಣವೆಂದರೆ ಒಂದು ನೆಪವೂ ಹೊಳೆಯಲಿಲ್ಲ. ಒಳಗೆ ಕರೆದು ಅಪ್ಪನೊಬ್ಬನಿಗೇ ಹೇಳೋಣವೆಂದು ಅವನ ಕಡೆ ನೋಡಿದೆ.

“ಇಲ್ಲೇ ಹೇಳಬೇ,” ಎಂದ ಅಪ್ಪ. “ಎಲ್ಲಾರೂ ಕೇಳಲಿ.”

ಹೇಳಿದೆ. ವೈನಿಯ ಕೈಯಲ್ಲಿದ್ದದ್ದನ್ನು ಇಟ್ಟುಕೊಳ್ಳಿ ಎಂದೆ.

ಕಟ್ಟೆಯ ಮೇಲೆ ಯಾರೋ ಕೆಮ್ಮಿದರು. ವೈನಿ ಹಗ್ಗ ಹಿಡಿದುಕೊಂಡೇ ನೆಲ ನೋಡಿದಳು, ಗೆದ್ದ ಮುಖ ಅವಳದಾಗಿರಲಿಲ್ಲ. ಅಣ್ಣ, ಅಪ್ಪ ಸಾಕಿದ್ದೂ ಏನೂ ಕಡಿಮೆಯಿಲ್ಲ ಎಂದು ಏನೋ ಸಮಾಧಾನದ ಮಾತು ಶುರು ಮಾಡಿದ. ಅಪ್ಪ ಕೈ ಎತ್ತಿ ನಿಲ್ಲಿಸಿದ.

“ಎಲ್ಲಿ ತಪ್ಪೈತಿ, ಕೈ ಇಟ್ಟು ತೋರಸು.”

ಅವನ ಮಣಕದ ಪಕ್ಕೆಯ ಮೇಲೆ ಕೈಯಿಟ್ಟೆ. ಅಪ್ಪ ಬಂದು ನನ್ನ ಕೈಯ ಪಕ್ಕದಲ್ಲಿ ತನ್ನ ಕೈಯಿಟ್ಟ. ಎಲುಬಿನ ನಡುವೆ ಇಷ್ಟು ಜಾಗ ಬೇಕಿತ್ತು, ಹೊಟ್ಟೆ ಇಲ್ಲಿಯವರೆಗೆ ಇಳಿಯಬೇಕಿತ್ತು, ಎದೆ ಇಷ್ಟು ಅಗಲವಾಗಬೇಕಿತ್ತು ಎಂದು ತೋರಿಸಿದೆ. ನನ್ನ ದನಿ ಕೆಲಸದ ದನಿಯಾಗಿತ್ತು, ಬಬಲೇಶ್ವರದಲ್ಲಿ ಯಾರಿಗೋ ಹೇಳುವ ಹಾಗೆ. ಬೇರೆ ದನಿಯಲ್ಲಿ ಹೇಳಿದ್ದರೆ ಹೇಳಲಿಕ್ಕೇ ಆಗುತ್ತಿರಲಿಲ್ಲ. ಅಪ್ಪ ಗಮನವಿಟ್ಟು ಕೇಳಿದ. ಅಂಗೈಯನ್ನು ನಾನು ಹೇಳಿದಲ್ಲೆಲ್ಲ ಎಳೆದು ನೋಡಿದ. ಆಮೇಲೆ ಹೋಗಿ ವೈನಿಯ ಮಣಕದ ಸಗಣಿ ಮೆತ್ತಿದ ಪಕ್ಕೆಯ ಮೇಲೂ ಕೈ ಎಳೆದು ನೋಡಿ ತಿರುಗಿ ಬಂದ.

“ಎತ್ತಿಗೆ ಹಿಂಗ ಇರಬೇಕಾಗತೈತಿ,” ಎಂದ.

“ಎತ್ತಿಗೆ ಹಿಂಗ ಇರಬೇಕಪ್ಪಾ. ಇದು ಎತ್ತಲ್ಲ.”

ಅಪ್ಪ ನಾಲಿಗೆ ಸದ್ದು ಮಾಡಿ ಹಳ್ಳದ ದಾರಿ ಹಿಡಿದ. ಮಣಕ ಅವನ ಹಿಂದೆ ಹೋಯಿತು.

ಊಟದ ಹೊತ್ತಾದರೂ ಬರಲಿಲ್ಲ. ವೈನಿ ರೊಟ್ಟಿ ಬಡಿದು ಬಡಿದು ಬುಟ್ಟಿ ತುಂಬಿಸಿದಳು, ಯಾರೂ ತಟ್ಟೆ ಹಾಕಲಿಲ್ಲ. ಬರುತ್ತಾನೆ ಬಿಡು ಎಂದು ಅಣ್ಣ ಅಂದದ್ದಕ್ಕೆ ಅವನ ಮೇಲೆ ಹರಿಹಾಯ್ದೆ. ಊರೆಲ್ಲ ಕೂಡಿಸಿ ನನ್ನ ಕೈಯಲ್ಲಿ ಅಪ್ಪನ ಮರ್ಯಾದೆ ತೆಗೆಸಿದಿರಿ, ನೀವೇ ಹೇಳಲಿಕ್ಕೆ ನಿಮಗೆ ಬಾಯಿರಲಿಲ್ಲವೇ ಎಂದೆ. ಅಣ್ಣ ಪಾಪ, ಏನು ಹೇಳಿಯಾನು. ನಾನು ಅಂಗಳದಲ್ಲಿ ನಿಂತೆ, ಹಿತ್ತಲಿಗೆ ಹೋದೆ, ಮತ್ತೆ ಅಂಗಳಕ್ಕೆ ಬಂದೆ. ಹೇಳಿದ್ದು ಸರಿಯಾಗಿತ್ತು. ಆ ಮಣಕವನ್ನು ಇಟ್ಟುಕೊಂಡರೆ ಮನೆಯ ಹೈನು ಮುಂದಿನ ತಲೆಮಾರಿಗೆ ಕೆಡುತ್ತದೆ, ಅದು ಖಂಡಿತ. ಆದರೆ ಸರಿಯಾದದ್ದನ್ನು ಹೇಳಿದ ಮೇಲೆ ಹಗುರಾಗುತ್ತದೆ ಎಂದು ಯಾರು ಹೇಳಿದ್ದೋ, ನನಗಂತೂ ಎದೆಯ ಮೇಲೆ ಬೀಸುಕಲ್ಲು ಇಟ್ಟ ಹಾಗಿತ್ತು. ಕಡೆಗೆ ಚಪ್ಪಲಿ ಮೆಟ್ಟಿ ನಾನೇ ಹೊರಟೆ.

ಹಳ್ಳದ ದಂಡೆಗೆ ಅಣ್ಣ ಆಕಳುಗಳಿಗೆಂದು ಬೆಳೆದ ನೇಪಿಯರ್ ಹುಲ್ಲಿನ ಪಟ್ಟಿ ಇದೆ, ಆಳೆತ್ತರ. ಅಪ್ಪ ಬದುವಿನ ಮೇಲೆ ಬಿಸಿಲಿನಲ್ಲೇ ನಿಂತಿದ್ದ. ವಲ್ಲಿಯನ್ನು ತಲೆಗೆ ಹಾಕಿಕೊಂಡಿರಲಿಲ್ಲ. ಮಣಕ ಕಾಣಲಿಲ್ಲ, ಹುಲ್ಲಿನ ನಡುವೆ ಕರಕರ ಸದ್ದು ಮಾತ್ರ ಬರುತ್ತಿತ್ತು. ಹತ್ತಿರ ಹೋದ ಮೇಲೆ ಕಪ್ಪು ಬೆನ್ನು ಕಂಡಿತು. ಎಂದೂ ಆ ಹುಲ್ಲಿಗೆ ಬಾಯಿ ಹಾಕಗೊಡದ ಅಪ್ಪ ಇವತ್ತು ತಾನೇ ಅದನ್ನು ಒಳಗೆ ಬಿಟ್ಟಿದ್ದ. ಮೂತಿ ಬುಡದವರೆಗೆ ತೂರಿಸಿ ತಿನ್ನುತ್ತಿತ್ತು. ಅಗಿಯುವುದಕ್ಕೂ ಪುರಸೊತ್ತಿಲ್ಲದ ಹಾಗೆ ತಿನ್ನುತ್ತಿತ್ತು. ರೂಢಿಯಿಲ್ಲದ ಹೊಟ್ಟೆಗೆ ಒಮ್ಮೆಲೇ ಇಷ್ಟು ಹಸಿ ಹುಲ್ಲು ಹೋದರೆ ಉಬ್ಬರ ಬಂದೀತು ಎಂದು ಬಾಯಿಯವರೆಗೆ ಬಂತು. ಅವತ್ತಿಗೆ ನಾನು ಹೇಳಿದ್ದು ಸಾಕಾಗಿತ್ತು, ನುಂಗಿಕೊಂಡೆ.

ಅಪ್ಪ ನನ್ನನ್ನು ನೋಡಿದ. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಒಳ್ಳೆಯದಿತ್ತು. ನೋಡು ಎನ್ನುವ ಹಾಗೆ ಹುಲ್ಲಿನ ಕಡೆ ಗದ್ದ ಎತ್ತಿ, ನಾಲಿಗೆಯಿಂದ ಟಕ್ಕೆಂದ. ಮಣಕದ ಒಂದು ಕಿವಿ ಇತ್ತ ತಿರುಗಿತು. ಅಪ್ಪ ಬೆನ್ನು ತಿರುಗಿಸಿ ಬದುವಿನ ಮೇಲೆ ಸ್ವಲ್ಪ ದೂರ ನಡೆದ. ಮತ್ತೊಮ್ಮೆ ಟಕ್ಕೆಂದ. ಕಿವಿ ಮತ್ತೆ ಹುಲ್ಲಿನ ಕಡೆಗೆ ಹೋಯಿತು. ಅದು ಬರಲಿಲ್ಲ.

“ಊರಾಗ ಎಲ್ಲಾರೂ ಅಂತಿದ್ರು,” ಎಂದ, ನನಗೆ ಬೆನ್ನು ಮಾಡಿಕೊಂಡೇ. “ಹಗ್ಗ ಇಲ್ಲದ ಬರತೈತಿ, ಇವನ ಮ್ಯಾಲ ಎಷ್ಟು ಜೀವ ಐತಿ ನೋಡ್ರಿ ಅಂತ. ನಾನೂ ಹಂಗ ಅನಕೊಂಡಿದ್ದೆ. ಹಸದು ಬರತಿತ್ತಬೇ ಅದು. ನನ್ನ ಕೈಯಾಗಿನ ಹುರಳಿ ಸಲುವಾಗಿ ಬರತಿತ್ತು.”

ಪ್ರೀತಿಯೂ ಇರತೈತಪ್ಪಾ ಎಂದೆ. ಹೇಳುತ್ತಿದ್ದ ಹಾಗೆಯೇ ಅದು ಎಷ್ಟು ಪೊಳ್ಳೆಂದು ನನಗೇ ಕೇಳಿಸಿತು. ಮಾರುವುದಿದ್ದರೆ ಮಾರಲಿ, ಆದರೆ ಯಾರು ಕೊಂಡೊಯ್ದರೂ ಮೊದಲು ಹೊಟ್ಟೆ ತುಂಬ ಮೇವು ಹಾಕಬೇಕೆಂದು ಹೇಳಿ ಕಳಿಸು, ಹೊಟ್ಟೆ ಜೋತರೆ ಜೋಲಲಿ ಎಂದ ಅಪ್ಪ.

ಆಮೇಲೆ ಧೋತರದ ಚುಂಗು ಸೊಂಟಕ್ಕೆ ಸಿಕ್ಕಿಸಿ ಹುಲ್ಲಿನ ಒಳಗೆ ಇಳಿದ. ಕುಡುಗೋಲು ತಂದಿರಲಿಲ್ಲ. ಅಂಚು ಕೈ ಕೊಯ್ಯುವ ಆ ಹುಲ್ಲನ್ನು ಬರಿಗೈಯಿಂದ ತಬ್ಬಿ ತಬ್ಬಿ ಮುರಿದು, ಎಳೆಯ ತುದಿಗಳನ್ನು ಆರಿಸಿ ಮಣಕದ ಮುಂದೆ ತಂದು ಹಾಕತೊಡಗಿದ. ಅಪ್ಪ ಅಷ್ಟು ಹತ್ತಿರ ನಿಂತರೂ ಅದು ತಲೆ ಎತ್ತಿ ಅವನನ್ನು ನೋಡಲಿಲ್ಲ. ಅವನು ಹಾಕಿದ ಹುಲ್ಲನ್ನು ತಿಂದಿತು.